ಲಂಡನ್ನಿನಿಂದ ಪ್ಯಾರಿಸಿಗೆ ಎಷ್ಟು ದೂರ, ಎಷ್ಟು ಹೊತ್ತು?

ವಿಮಾನಗಳ ವೇಳಾಪಟ್ಟಿಯನ್ನು ಮೊದಲ ಸಲ ಕೈಗೆ ತೆಗೆದುಕೊಂಡ ವಿದ್ಯಾರ್ಥಿಗೆ ಅದರಲ್ಲಿ ಒಂದು ವಿಚಿತ್ರ ಕಾಣಬಹುದು. ಬೆಳಗ್ಗೆ ೧೦ ಗಂಟೆಗೆ ಲಂಡನ್ನನ್ನು ಬಿಡುವ ವಿಮಾನವೊಂದು ೧೨ ಗಂಟೆ ೨೦ ನಿಮಿಷಕ್ಕೆ ಪ್ಯಾರಿಸನ್ನು ಮುಟ್ಟುತ್ತದೆ ಎಂದಿಟ್ಟುಕೊಳ್ಳೋಣ. ಅದೇ ೧೦ ಗಂಟೆಗೆ ಪ್ಯಾರಿಸನ್ನು ಬಿಡುವ ವಿಮಾನವಾದರೋ ೧೦ ಗಂಟೆ ೨೦ ನಿಮಿಷಕ್ಕೇ ಲಂಡನ್ನಿನಲ್ಲಿ ನಿಂತಿರುತ್ತದೆ! ಹೋಗುವಾಗ ಎರಡು ಗಂಟೆಗೂ ಮೀರಿದ ಪಯಣ, ಬರುವಾಗ ಇಪ್ಪತ್ತೇ ನಿಮಿಷ. ಆಕಾಶದ ದಾರಿಯಲ್ಲಿಯೂ ಏರು ಇಳಿಜಾರುಗಳುಂಟೆ?

ಉತ್ತರ ಸುಲಭವಾದುದೇ. ಪ್ಯಾರಿಸಿನ ಗಡಿಯಾರ ಲಂಡನ್ನಿನದಕ್ಕಿಂತ ವರ್ಷವಿಡೀ ಒಂದು ಗಂಟೆ ಮುಂದಿರುತ್ತದೆ. ಹೋಗುವಾಗ ಆ ಗಂಟೆ ನಮ್ಮ ಲೆಕ್ಕಕ್ಕೆ ಸೇರುತ್ತದೆ, ಬರುವಾಗ ಕಳೆಯುತ್ತದೆ. ಅದನ್ನು ಸರಿಪಡಿಸಿಕೊಂಡರೆ ಎರಡು ಕಡೆಗೂ ಒಂದು ಗಂಟೆ ಇಪ್ಪತ್ತು ನಿಮಿಷ, ಎಂದರೆ ೮೦ ನಿಮಿಷಗಳಾಗುತ್ತವೆ.

ಆದರೆ ಈ ಉತ್ತರ ಸಿಕ್ಕಿದೊಡನೆ ಇನ್ನೊಂದು ಪ್ರಶ್ನೆ ತಲೆಯೆತ್ತುತ್ತದೆ. ಈ ಎರಡು ನಗರಗಳ ನಡುವಣ ನೇರ ದೂರ ಸುಮಾರು ೩೪೪ ಕಿಲೋಮೀಟರು. ಇದನ್ನು ೮೦ ನಿಮಿಷಗಳಿಂದ ಭಾಗಿಸಿದರೆ ಬರುವ ವೇಗ ಗಂಟೆಗೆ ೨೬೦ ಕಿಲೋಮೀಟರಿಗೂ ಕಡಿಮೆ. ಈ ಮಾರ್ಗದಲ್ಲಿ ಹಾರುವ ಜೆಟ್ ವಿಮಾನಗಳು ಗಂಟೆಗೆ ೮೦೦ ಕಿಲೋಮೀಟರು ವೇಗವನ್ನು ಲೀಲಾಜಾಲವಾಗಿ ದಾಟಬಲ್ಲವು. ಆ ವೇಗದಲ್ಲಿ ಹೊರಟರೆ ೨೬ ನಿಮಿಷಗಳು ಸಾಕು. ಉಳಿದ ೫೪ ನಿಮಿಷಗಳು ಎಲ್ಲಿ ಹೋದವು? ಶಾಲೆಯಲ್ಲಿ ದೂರ, ಕಾಲ, ವೇಗಗಳ ಲೆಕ್ಕಗಳನ್ನು ಮಾಡಿದವರೆಲ್ಲರೂ ಕೇಳಬೇಕಾದ ಪ್ರಶ್ನೆಯಿದು. ಇದಕ್ಕೂ ಹಿಂದಿನ ಪ್ರಶ್ನೆ ಇನ್ನೊಂದಿದೆ. ನಡುವೆ ಸಮುದ್ರವಿರುವಾಗ ೩೪೪ ಎಂಬ ಸಂಖ್ಯೆ ಯಾರಿಗೆ, ಹೇಗೆ ದೊರೆಯಿತು? ಸೋಜಿಗವೆಂದರೆ, ಈ ಎರಡು ಪ್ರಶ್ನೆಗಳೂ ನಮ್ಮನ್ನು ಲಂಡನ್ನಿನ ಪಶ್ಚಿಮಕ್ಕಿರುವ ಒಂದೇ ಬಯಲಿಗೆ ಕರೆದೊಯ್ಯುತ್ತವೆ.

ಮೊದಲು ದೂರದ ಮಾತು. ಲಂಡನ್ನಿನ ನಡುಭಾಗವು ೫೧.೫೧ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ೦.೧೩ ಡಿಗ್ರಿ ಪಶ್ಚಿಮ ರೇಖಾಂಶದಲ್ಲಿದೆ. ಪ್ಯಾರಿಸಿನ ನಡುಭಾಗವು ೪೮.೮೬ ಡಿಗ್ರಿ ಉತ್ತರದಲ್ಲಿ, ೨.೩೫ ಡಿಗ್ರಿ ಪೂರ್ವದಲ್ಲಿದೆ. ಇಷ್ಟು ತಿಳಿದಿದ್ದರೆ ಸಾಕು, ಪ್ರೌಢಶಾಲೆಯ ವಿದ್ಯಾರ್ಥಿಯೂ ದೂರವನ್ನು ಕಂಡುಹಿಡಿಯಬಹುದು. ಅಕ್ಷಾಂಶಗಳ ವ್ಯತ್ಯಾಸ ೨.೬೫ ಡಿಗ್ರಿ. ಒಂದು ಡಿಗ್ರಿಗೆ ೧೧೧.೨ ಕಿಲೋಮೀಟರಿನಂತೆ ಇದು ಸುಮಾರು ೨೯೫ ಕಿಲೋಮೀಟರು. ರೇಖಾಂಶಗಳ ವ್ಯತ್ಯಾಸ ೨.೪೮ ಡಿಗ್ರಿ. ಆದರೆ ರೇಖಾಂಶದ ಗೆರೆಗಳು ಧ್ರುವದ ಕಡೆಗೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವಷ್ಟೆ. ಆದುದರಿಂದ ಇಲ್ಲಿ ಡಿಗ್ರಿಯ ಉದ್ದವನ್ನು ನಡುವಣ ಅಕ್ಷಾಂಶದ ಕೊಸೈನಿನಿಂದ, ಎಂದರೆ ೦.೬೪ರಿಂದ ಗುಣಿಸಬೇಕು. ಆಗ ಬರುವುದು ಸುಮಾರು ೧೭೭ ಕಿಲೋಮೀಟರು. ಈಗ ನಮ್ಮ ಕೈಯಲ್ಲಿ ಒಂದು ಲಂಬಕೋನ ತ್ರಿಕೋಣದ ಎರಡು ಭುಜಗಳಿವೆ. ಅವುಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ೩೪೪ ಕಿಲೋಮೀಟರು ದೊರೆಯುತ್ತದೆ. ಇಷ್ಟು ಸಣ್ಣ ದೂರದಲ್ಲಿ ಭೂಮಿಯ ದುಂಡುತನದಿಂದ ಈ ಲೆಕ್ಕಕ್ಕೆ ಹೇಳಿಕೊಳ್ಳುವಂಥ ಕೇಡಿಲ್ಲ.

ಹಾಗೆಂದು ಭೂಮಿಯ ದುಂಡುತನವನ್ನು ಹಗುರವಾಗಿ ಕಾಣುವಂತೆಯೂ ಇಲ್ಲ. ಲಂಡನ್ನಿನಿಂದ ಪ್ಯಾರಿಸಿಗೆ ಬಾಣ ಬಿಟ್ಟಂತೆ ನೆಟ್ಟಗಿರುವ ಒಂದು ಸುರಂಗವನ್ನು ಕೊರೆದೆವೆಂದು ಊಹಿಸಿಕೊಳ್ಳೋಣ. ಅದರ ಉದ್ದ ಮೇಲಿನ ದಾರಿಗಿಂತ ನಲವತ್ತು ಮೀಟರುಗಳಷ್ಟು ಮಾತ್ರ ಕಡಿಮೆ. ಅಷ್ಟಕ್ಕಾಗಿ ಅದರ ನಡುಭಾಗವು ನೆಲದಿಂದ ೨.೩ ಕಿಲೋಮೀಟರು ಕೆಳಗೆ ಹೋಗಬೇಕಾಗುತ್ತದೆ! ವಾಚಕರು ಇದನ್ನು ತಾವೇ ಲೆಕ್ಕ ಹಾಕಿ ನೋಡಬಹುದು. ದೂರದ ವರ್ಗವನ್ನು ಭೂಮಿಯ ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ಆಳವು ದೊರೆಯುತ್ತದೆ.

ಆದರೆ ವಿಮಾನವು ನಗರದ ನಡುವಿನಿಂದ ಹೊರಡುವುದಿಲ್ಲ. ಹೀತ್ರೋ ವಿಮಾನ ನಿಲ್ದಾಣವು ಲಂಡನ್ನಿನ ನಡುಭಾಗದಿಂದ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಪಶ್ಚಿಮಕ್ಕಿದೆ. ೧೯೭೪ರಲ್ಲಿ ತೆರೆದ ಪ್ಯಾರಿಸಿನ ಷಾರ್ಲ್ ದ ಗೋಲ್ ನಿಲ್ದಾಣವು ಆ ನಗರದಿಂದ ಅಷ್ಟೇ ದೂರ ಈಶಾನ್ಯಕ್ಕಿದೆ. ಇವೆರಡರ ನಡುವಣ ದೂರವು ೩೪೮ ಕಿಲೋಮೀಟರು. ನಿಲ್ದಾಣಕ್ಕೆಂದು ಊರಿನಿಂದ ಅಷ್ಟು ದೂರ ಹೋದ ಪಯಣಿಗನಿಗೆ ಗುರಿಯು ನಾಲ್ಕು ಕಿಲೋಮೀಟರು ದೂರವೇ ಆಯಿತು!

ಅಕ್ಷಾಂಶ ರೇಖಾಂಶಗಳು ತಿಳಿದಿದ್ದರೆ ಲೆಕ್ಕ ಸುಲಭ ಎಂದೆವಷ್ಟೆ. ಅವು ತಿಳಿದುದು ಹೇಗೆ? ಇನ್ನೂರನಲವತ್ತು ವರ್ಷಗಳ ಹಿಂದೆ ಈ ವಿಷಯದಲ್ಲಿ ಎರಡು ದೇಶಗಳ ಖಗೋಳಶಾಸ್ತ್ರಜ್ಞರಿಗೆ ಭಿನ್ನಾಭಿಪ್ರಾಯವಿತ್ತು. ೧೭೮೩ರಲ್ಲಿ ಫ್ರಾನ್ಸಿನ ಕಾಸೀನಿ ದ ತೂರಿ ಎಂಬ ಹಿರಿಯ ವಿದ್ವಾಂಸನು ಒಂದು ಲೇಖನವನ್ನು ಲಂಡನ್ನಿಗೆ ಕಳುಹಿಸಿದನು. ಗ್ರೀನಿಚ್ ವೇಧಶಾಲೆಯ ಸ್ಥಾನ ಖಚಿತವಾಗಿ ಗೊತ್ತಿಲ್ಲ, ಪ್ಯಾರಿಸಿನ ವೇಧಶಾಲೆಗೆ ಹೋಲಿಸಿದರೆ ಅದರ ಅಕ್ಷಾಂಶದಲ್ಲಿ ೧೫ ವಿಕಲೆಗಳಷ್ಟೂ ರೇಖಾಂಶದಲ್ಲಿ ಕಾಲದ ೧೧ ಸೆಕೆಂಡುಗಳಷ್ಟೂ ಸಂದೇಹವಿದೆ ಎಂಬುದು ಅವನ ಮಾತು. ಡಿಗ್ರಿಯನ್ನು ೩೬೦೦ ಪಾಲು ಮಾಡಿದರೆ ಒಂದು ಪಾಲಿಗೆ ವಿಕಲೆ ಎಂದು ಹೆಸರು. ಕೇಳುವುದಕ್ಕೆ ಇವು ಅಲ್ಪವೆಂದು ತೋರಬಹುದು. ಆದರೆ ನೆಲದ ಮೇಲೆ ೧೫ ವಿಕಲೆಗಳೆಂದರೆ ಸುಮಾರು ಅರ್ಧ ಕಿಲೋಮೀಟರು; ೧೧ ಸೆಕೆಂಡುಗಳಲ್ಲಿ ಭೂಮಿಯು ಗ್ರೀನಿಚ್ಚಿನ ಬಳಿ ಮೂರು ಕಿಲೋಮೀಟರಿಗೂ ಹೆಚ್ಚು ತಿರುಗಿರುತ್ತದೆ. ಮೂರು ಕಿಲೋಮೀಟರು ತಪ್ಪಿದರೆ ಹಡಗು ಬಂಡೆಗೆ ತಗುಲಬಹುದು. ನಾವಿಕರೆಲ್ಲರೂ ನೆಚ್ಚಿಕೊಂಡಿದ್ದ ಗ್ರೀನಿಚ್ಚಿನ ಬಗೆಗೆ ಈ ಮಾತು ಬಂದಾಗ ಅಲ್ಲಿನ ರಾಜಖಗೋಳಜ್ಞನಾದ ಮ್ಯಾಸ್ಕಲೀನನಿಗೆ ಸಹಜವಾಗಿಯೇ ಅಸಮಾಧಾನವಾಯಿತು. ಆದರೆ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸನು ವಾದವನ್ನು ಬೆಳೆಸದೆ ಅಳತೆಯ ಕೆಲಸವನ್ನು ವಿಲಿಯಂ ರಾಯ್ ಎಂಬ ಸೇನಾಧಿಕಾರಿಗೆ ಒಪ್ಪಿಸಿದನು. ಇದೇ ಬುದ್ಧಿವಂತಿಕೆಯೆಂದು ನಮಗೆ ತೋರುತ್ತದೆ.

ರಾಯನು ಹಿಡಿದ ಕ್ರಮ ತ್ರಿಕೋಣಮಾಪನ. ಒಂದು ತ್ರಿಕೋಣದ ಒಂದು ಭುಜದ ಉದ್ದವೂ ಕೋನಗಳೂ ತಿಳಿದರೆ ಉಳಿದೆರಡು ಭುಜಗಳನ್ನು ಅಳೆಯದೆಯೇ ತಿಳಿಯಬಹುದು. ಆ ಭುಜಗಳ ಮೇಲೆ ಹೊಸ ತ್ರಿಕೋಣಗಳನ್ನು ಕಟ್ಟುತ್ತ ಹೋದರೆ ಬೆಟ್ಟ, ಹೊಳೆ, ಸಮುದ್ರಗಳೂ ಅಡ್ಡಿಯಾಗುವುದಿಲ್ಲ. ನೆಲದ ಮೇಲೆ ನಿಜವಾಗಿ ಅಳೆಯಬೇಕಾದುದು ಮೊದಲನೆಯ ಭುಜವೊಂದನ್ನೇ. ಆದರೆ ಅದರಲ್ಲಿ ತಪ್ಪಿದರೆ ಮುಂದೆ ಎಲ್ಲವೂ ತಪ್ಪು. ಈ ಆಧಾರರೇಖೆಗಾಗಿ ರಾಯನು ಆರಿಸಿಕೊಂಡದ್ದು ಹೌನ್ಸ್‌ಲೋ ಹೀತ್ ಎಂಬ ಸಮತಟ್ಟಾದ ಬಯಲು. ೧೭೮೪ರ ಬೇಸಗೆಯಲ್ಲಿ ಅಳತೆ ಮೊದಲಾಯಿತು. ಮೊದಲು ಚೆನ್ನಾಗಿ ಒಣಗಿದ ಮರದ ಕೋಲುಗಳನ್ನು ಒಂದರ ತುದಿಗೆ ಒಂದನ್ನಿಟ್ಟು ಅಳೆದರು. ಮಳೆಗಾಳಿಯ ತೇವವನ್ನು ಹೀರಿ ಕೋಲುಗಳು ಉದ್ದವಾದವು. ಬಿಸಿಲಿಗೆ ಮತ್ತೆ ಕುಗ್ಗಿದವು. ಅಳೆಯುವ ಕೋಲೇ ದಿನಕ್ಕೊಂದು ಉದ್ದವಾದರೆ ಅಳತೆಗೆ ಅರ್ಥವೇನು? ರಾಯನು ಅವನ್ನು ಬದಿಗಿಟ್ಟು ಇಪ್ಪತ್ತು ಅಡಿ ಉದ್ದದ ಗಾಜಿನ ಕೊಳವೆಗಳನ್ನು ಮಾಡಿಸಿದನು. ಗಾಜಿಗೆ ತೇವದ ಭಯವಿಲ್ಲ. ಬಿಸಿಗೆ ಅದು ಎಷ್ಟು ಹಿಗ್ಗುತ್ತದೆಂಬುದನ್ನು ಉಷ್ಣಮಾಪಕದಿಂದ ಲೆಕ್ಕ ಹಾಕಬಹುದು. ಐದು ಮೈಲಿಗಳಿಗೂ ಮೀರಿದ ದಾರಿಯಲ್ಲಿ ಗಾಜನ್ನು ಒಡೆಯದಂತೆ ಹೊತ್ತು, ಸಾಲುಗೂಡಿಸಿ, ಓರೆಯಾಗದಂತೆ ಮಟ್ಟ ನೋಡಿ ಅಳೆದ ಆ ಜನರ ತಾಳ್ಮೆಯನ್ನು ವಾಚಕರು ಒಂದು ಕ್ಷಣ ನೆನೆಯಬೇಕು. ಬಂದ ಉತ್ತರ ೨೭,೪೦೪ ಅಡಿಗಳಿಗೆ ಕೂದಲೆಳೆಯಷ್ಟು ಹೆಚ್ಚು, ಎಂದರೆ ಸುಮಾರು ೮.೩೫ ಕಿಲೋಮೀಟರು.

ಮುಂದಿನ ಕೆಲಸ ಮೂರು ವರ್ಷ ನಿಂತುಹೋಯಿತು. ಕೋನಗಳನ್ನು ಅಳೆಯುವ ಥಿಯೊಡೊಲೈಟ್ ಯಂತ್ರವನ್ನು ಮಾಡಿಕೊಡಲು ಒಪ್ಪಿದ್ದ ಜೆಸ್ಸಿ ರಾಮ್ಸ್‌ಡನ್ ಮಹಾ ಕುಶಲಿ, ಆದರೆ ಮಹಾ ನಿಧಾನಿ. ಯಂತ್ರವು ಕೊನೆಗೆ ೧೭೮೭ರಲ್ಲಿ ಕೈಸೇರಿತು. ಅದರ ವೃತ್ತದ ವ್ಯಾಸ ಮೂರು ಅಡಿ, ತೂಕ ಸುಮಾರು ೨೦೦ ಪೌಂಡು. ಆ ವರ್ಷದ ಶರತ್ಕಾಲದಲ್ಲಿ ಕಾಸೀನಿಯ ಮಗ, ಮೆಷೇನ್ ಮತ್ತು ಗಣಿತಜ್ಞ ಲಜಾಂಡ್ರ್ ಈ ಮೂವರು ಫ್ರಾನ್ಸಿನಿಂದ ಡೋವರಿಗೆ ಬಂದು ರಾಯನನ್ನು ಕಂಡರು. ಹಿರಿಯ ಕಾಸೀನಿಯು ೧೭೮೪ರಲ್ಲಿಯೇ ತೀರಿಕೊಂಡಿದ್ದನು. ರಾತ್ರಿಯ ವೇಳೆ ಕಡಲ್ಗಾಲುವೆಯ ಈ ದಡದಲ್ಲಿಯೂ ಆ ದಡದಲ್ಲಿಯೂ ಬೆಳ್ಳಗೆ ಉರಿಯುವ ಜ್ವಾಲೆಗಳನ್ನು ಹೊತ್ತಿಸುವುದು, ಒಬ್ಬರ ಬೆಳಕನ್ನು ಇನ್ನೊಬ್ಬರು ದುರ್ಬೀನಿನಲ್ಲಿ ಹಿಡಿದು ಕೋನವನ್ನು ಓದುವುದು ಹೀಗೆ ಕೆಲಸ ಸಾಗಿತು. ಆಗಾಗ ಯುದ್ಧಕ್ಕೆ ನಿಲ್ಲುತ್ತಿದ್ದ ಎರಡು ದೇಶಗಳು ನೀರಿನ ಮೇಲೆ ತ್ರಿಕೋಣಗಳಿಂದ ಹೆಣೆದುಕೊಂಡವು.

ಇಲ್ಲಿ ಗಣಿತಪ್ರಿಯರಿಗೆ ಒಂದು ಮಾತು. ತ್ರಿಕೋಣದ ಮೂರು ಕೋನಗಳನ್ನು ಕೂಡಿಸಿದರೆ ೧೮೦ ಡಿಗ್ರಿ ಎಂದು ನಾವು ಕಲಿತಿದ್ದೇವೆ. ಅದು ಹಲಗೆಯ ಮೇಲೆ ಬರೆದ ತ್ರಿಕೋಣದ ಮಾತು. ಗೋಳದ ಮೇಲಿನ ತ್ರಿಕೋಣದಲ್ಲಿ ಮೊತ್ತವು ಸ್ವಲ್ಪ ಹೆಚ್ಚಿರುತ್ತದೆ. ಭೂಮಿಯ ಮೇಲೆ ಸುಮಾರು ೨೦೦ ಚದರ ಕಿಲೋಮೀಟರು ವಿಸ್ತೀರ್ಣಕ್ಕೆ ಈ ಹೆಚ್ಚಳ ಒಂದೇ ಒಂದು ವಿಕಲೆ. ರಾಮ್ಸ್‌ಡನ್ನನ ಯಂತ್ರ ಎಷ್ಟು ಸೂಕ್ಷ್ಮವಾಗಿತ್ತೆಂದರೆ ಈ ಹೆಚ್ಚಳವೂ ಅದರ ಕಣ್ಣಿಗೆ ಬಿದ್ದಿತು. ಹೆಚ್ಚಳದ ಮೂರನೆಯ ಒಂದು ಪಾಲನ್ನು ಪ್ರತಿಯೊಂದು ಕೋನದಿಂದಲೂ ಕಳೆದರೆ, ಸಣ್ಣ ಗೋಳತ್ರಿಕೋಣವನ್ನು ಚಪ್ಪಟೆ ತ್ರಿಕೋಣದಂತೆಯೇ ಬಿಡಿಸಬಹುದೆಂಬ ಪ್ರಮೇಯವನ್ನು ಲಜಾಂಡ್ರ್ ಈ ಕೆಲಸದ ಸಂಬಂಧದಲ್ಲಿಯೇ ಕೊಟ್ಟನು. ಇಂದಿಗೂ ಅದಕ್ಕೆ ಅವನದೇ ಹೆಸರು.

ರಾಯನು ತನ್ನ ವರದಿಯ ಅಚ್ಚಿನ ಕರಡನ್ನು ತಿದ್ದುತ್ತಿದ್ದಾಗಲೇ ೧೭೯೦ರಲ್ಲಿ ತೀರಿಕೊಂಡನು. ಅವನ ಕ್ರಮ ಮಾತ್ರ ದೂರ ದೂರಕ್ಕೆ ಹಬ್ಬಿತು. ಅವನ ಕೆಲಸವನ್ನು ಮಾದರಿಯಾಗಿಟ್ಟುಕೊಂಡ ವಿಲಿಯಂ ಲ್ಯಾಂಬ್ಟನ್ ಹತ್ತು ವರ್ಷಗಳ ಮೇಲೆ, ೧೮೦೦ರಲ್ಲಿ, ನಮ್ಮ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದನು. ಅವನ ಕೈಯಲ್ಲಿದ್ದ ಉಕ್ಕಿನ ಸರಪಳಿಯನ್ನು ಮಾಡಿದವನೂ ಆ ನಿಧಾನಿ ರಾಮ್ಸ್‌ಡನ್ನನೇ.

ಗ್ರೀನಿಚ್ಚಿಗೂ ಪ್ಯಾರಿಸಿನ ವೇಧಶಾಲೆಗೂ ನಡುವಣ ರೇಖಾಂಶದ ವ್ಯತ್ಯಾಸ ೨ ಡಿಗ್ರಿ ೨೦ ಕಲೆ ೧೪ ವಿಕಲೆ ಎಂಬುದು ಈಗ ನಿಶ್ಚಿತವಾಗಿದೆ. ಭೂಮಿಯು ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷಗಳು ಬೇಕು. ಆದುದರಿಂದ ಪ್ಯಾರಿಸಿನಲ್ಲಿ ಸೂರ್ಯನು ನೆತ್ತಿಗೆ ಬಂದು ೯ ನಿಮಿಷ ೨೧ ಸೆಕೆಂಡುಗಳಾದ ಮೇಲೆ ಗ್ರೀನಿಚ್ಚಿನಲ್ಲಿ ಮಧ್ಯಾಹ್ನವಾಗುತ್ತದೆ. ಎರಡು ಊರುಗಳ ಗಡಿಯಾರಗಳಿಗೆ ನಿಸರ್ಗವು ಇಟ್ಟ ಅಂತರ ಇಷ್ಟೇ. ಹಾಗಿದ್ದರೆ ಈಗಿನ ಒಂದು ಗಂಟೆ ಎಲ್ಲಿಂದ ಬಂದಿತು?

೧೮೮೪ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಸಮ್ಮೇಳನವು ಗ್ರೀನಿಚ್ಚನ್ನು ಮೂಲ ರೇಖಾಂಶವೆಂದು ಆರಿಸಿದಾಗ ಫ್ರಾನ್ಸು ಮತ ಹಾಕದೆ ಸುಮ್ಮನಿತ್ತು. ಮುಂದೆ ೧೯೧೧ರಲ್ಲಿ ಅದೂ ಒಪ್ಪಬೇಕಾಯಿತು. ಆದರೆ ಒಪ್ಪಿದ ರೀತಿ ಸ್ವಾರಸ್ಯವಾಗಿದೆ. ಫ್ರಾನ್ಸಿನ ನ್ಯಾಯಬದ್ಧ ಕಾಲವೆಂದರೆ ೯ ನಿಮಿಷ ೨೧ ಸೆಕೆಂಡು ಹಿಂದಿಟ್ಟ ಪ್ಯಾರಿಸಿನ ಕಾಲ ಎಂದು ಶಾಸನ ಮಾಡಿದರು. ಗ್ರೀನಿಚ್ಚಿನ ಹೆಸರನ್ನೇ ಎತ್ತಲಿಲ್ಲ! ಅಂದಿನಿಂದ ಸುಮಾರು ಮೂವತ್ತು ವರ್ಷ ಎರಡು ನಗರಗಳಲ್ಲಿಯೂ ಒಂದೇ ಕಾಲ. ೧೯೪೦ರಲ್ಲಿ ಜರ್ಮನ್ ಸೇನೆ ಪ್ಯಾರಿಸನ್ನು ಹಿಡಿದುಕೊಂಡಾಗ ಬರ್ಲಿನ್ನಿನ ಗಡಿಯಾರವನ್ನೂ ಜೊತೆಗೆ ತಂದಿತು. ಸೇನೆ ಹಿಂದಿರುಗಿತು, ಗಡಿಯಾರ ಉಳಿಯಿತು. ನಮ್ಮ ವೇಳಾಪಟ್ಟಿಯ ವಿದ್ಯಾರ್ಥಿಯನ್ನು ಬೆರಗುಗೊಳಿಸಿದ ಒಂದು ಗಂಟೆಯು ಹೀಗೆ ಸೂರ್ಯನದಲ್ಲ, ಯುದ್ಧದ್ದು.

ಇನ್ನು ಹಾರಾಟದ ಕಾಲದ ವಿಚಾರ. ೧೯೧೯ರ ಆಗಸ್ಟ್ ೨೫ರ ಬೆಳಗ್ಗೆ ೯ ಗಂಟೆ ೧೦ ನಿಮಿಷಕ್ಕೆ ಲಾಫರ್ಡ್ ಎಂಬ ಚಾಲಕನು ಒಂದು ಸಣ್ಣ ವಿಮಾನವನ್ನು ಪ್ಯಾರಿಸಿನ ಕಡೆಗೆ ಹಾರಿಸಿದನು. ಅದು ಹೊರಟ ಸ್ಥಳ ಮತ್ತಾವುದೂ ಅಲ್ಲ, ರಾಯನು ಗಾಜಿನ ಕೊಳವೆಗಳನ್ನು ಸಾಲಿಟ್ಟಿದ್ದ ಹೌನ್ಸ್‌ಲೋ ಬಯಲು. ವಿಮಾನದಲ್ಲಿ ಒಬ್ಬನೇ ಪಯಣಿಗ, ಕೆಲವು ಸುದ್ದಿಪತ್ರಿಕೆಗಳು, ಒಂದಿಷ್ಟು ತೊಗಲು, ಕೆಲವು ಕಾಡುಹಕ್ಕಿಗಳ ಮಾಂಸ ಮತ್ತು ಕೆನೆಯ ಜಾಡಿಗಳಿದ್ದುವು. ೧೧ ಗಂಟೆ ೪೦ ನಿಮಿಷಕ್ಕೆ ಅದು ಪ್ಯಾರಿಸಿನ ಲ ಬೂರ್ಜೆ ನಿಲ್ದಾಣದಲ್ಲಿ ಇಳಿಯಿತು. ಎರಡು ದೇಶಗಳ ನಡುವೆ ದಿನವೂ ತಪ್ಪದೆ ನಡೆಯುವ ವಿಮಾನಸಂಚಾರ ಹೀಗೆ ಮೊದಲಾಯಿತು. ಹಿಡಿದ ಹೊತ್ತು ಎರಡೂವರೆ ಗಂಟೆ. ಸರಾಸರಿ ವೇಗ ಗಂಟೆಗೆ ೧೪೦ ಕಿಲೋಮೀಟರಿನ ಸುಮಾರು.

ಆ ದಿನಗಳಲ್ಲಿ ಹೊತ್ತನ್ನು ನಿರ್ಧರಿಸುತ್ತಿದ್ದುದು ಗಾಳಿ. ಗಂಟೆಗೆ ೧೬೦ ಕಿಲೋಮೀಟರು ಹಾರಬಲ್ಲ ವಿಮಾನವನ್ನು ತೆಗೆದುಕೊಳ್ಳೋಣ. ಗಾಳಿಯಿಲ್ಲದಿದ್ದರೆ ೩೪೪ ಕಿಲೋಮೀಟರಿಗೆ ೨ ಗಂಟೆ ೯ ನಿಮಿಷ. ಗಂಟೆಗೆ ೫೦ ಕಿಲೋಮೀಟರಿನ ಗಾಳಿ ಹಿಂದಿನಿಂದ ನೂಕಿದರೆ ೧ ಗಂಟೆ ೩೮ ನಿಮಿಷ. ಅದೇ ಗಾಳಿ ಎದುರಾದರೆ ೩ ಗಂಟೆ ೮ ನಿಮಿಷ. ಹೋಗುವಾಗಿನ ಲಾಭವು ಬರುವಾಗಿನ ನಷ್ಟಕ್ಕೆ ಸರಿಹೋಗುವುದೆಂದು ನಮಗೆ ತೋರುತ್ತದೆ. ಹಾಗಾಗುವುದಿಲ್ಲ. ಗಾಳಿಯಿಲ್ಲದ ದಿನ ಹೋಗಿ ಬರಲು ೪ ಗಂಟೆ ೧೮ ನಿಮಿಷ. ಗಾಳಿಯ ದಿನ ೪ ಗಂಟೆ ೪೬ ನಿಮಿಷ. ಎದುರುಗಾಳಿಯಲ್ಲಿ ವಿಮಾನವು ಹೆಚ್ಚು ಹೊತ್ತು ಇರುವುದರಿಂದ ಅದರ ಹಾನಿಯೇ ಯಾವಾಗಲೂ ಮೇಲಾಗುತ್ತದೆ. ಈಗಿನ ಜೆಟ್ ವಿಮಾನಕ್ಕೆ ಅದೇ ಗಾಳಿ ಒಂದೆರಡು ನಿಮಿಷಗಳ ಮಾತು.

ಗಾಳಿಗಿಂತ ದೊಡ್ಡ ಅಪಾಯ ಮಂಜು. ಅಂದಿನ ಚಾಲಕರಿಗೆ ದಾರಿ ತೋರಲು ಕೆಳಗಿನ ರಸ್ತೆಗಳೂ ರೈಲುಹಾದಿಗಳೂ ಬಿಟ್ಟರೆ ಹೆಚ್ಚಿನದೇನೂ ಇರಲಿಲ್ಲ. ಮಂಜು ಕವಿದಾಗ ರಸ್ತೆ ಕಾಣುವಷ್ಟು ಕೆಳಗೆ ಇಳಿದು ಅದನ್ನೇ ಹಿಡಿದು ಹೋಗುತ್ತಿದ್ದರು. ೧೯೨೨ರ ಏಪ್ರಿಲ್ ೭ರಂದು ಟಪ್ಪಾಲನ್ನು ಹೊತ್ತ ಒಂದು ಇಂಗ್ಲಿಷ್ ವಿಮಾನವು ಪ್ಯಾರಿಸಿನ ಕಡೆಗೂ, ಪಯಣಿಗರಿದ್ದ ಒಂದು ಫ್ರೆಂಚ್ ವಿಮಾನವು ಲಂಡನ್ನಿನ ಕಡೆಗೂ, ಪಿಕಾರ್ಡಿ ಪ್ರಾಂತದ ಮಂಜಿನಲ್ಲಿ ಒಂದೇ ರಸ್ತೆಯನ್ನು ನೋಡಿಕೊಂಡು ಬರುತ್ತಿದ್ದುವು. ಒಂದು ಇನ್ನೊಂದನ್ನು ಕಾಣುವಷ್ಟರಲ್ಲಿ ಕಾಲ ಮೀರಿತ್ತು. ಎರಡರಲ್ಲಿಯೂ ಇದ್ದ ಏಳು ಮಂದಿಯೂ ಮಡಿದರು. ಪಯಣಿಗರ ಸಂಚಾರಕ್ಕೆಂದು ಮೀಸಲಾದ ವಿಮಾನಗಳು ಆಕಾಶದಲ್ಲಿ ಡಿಕ್ಕಿ ಹೊಡೆದುದು ಅದೇ ಮೊದಲು. ಇಷ್ಟು ವಿಶಾಲವಾದ ಆಕಾಶದಲ್ಲಿ ಎರಡು ವಿಮಾನಗಳು ಸಂಧಿಸುವುದು ಅಸಂಭವವೆಂದು ಅನ್ನಿಸಬಹುದು. ಆಕಾಶ ವಿಶಾಲವಾದುದೇ. ಆದರೆ ಇಬ್ಬರೂ ಅತ್ಯಂತ ಹತ್ತಿರದ ದಾರಿಯನ್ನೇ ಹಿಡಿದರೆ ಆಕಾಶವು ಒಂದು ಗೆರೆಯಷ್ಟು ಕಿರಿದಾಗುತ್ತದೆ.

ಆ ದುರಂತದ ಬೆನ್ನಿಗೇ ವಿಮಾನ ಕಂಪನಿಗಳವರೂ ಚಾಲಕರೂ ಲಂಡನ್ನಿನ ಕ್ರಾಯ್ಡನ್ ನಿಲ್ದಾಣದಲ್ಲಿ ಸೇರಿದರು. ಹೌನ್ಸ್‌ಲೋವಿನ ವಿಮಾನಸಂಚಾರ ೧೯೨೦ರಲ್ಲಿಯೇ ಅಲ್ಲಿಗೆ ಹೋಗಿತ್ತು. ಚಾಲಕರು ಯಾವಾಗಲೂ ಬಲಕ್ಕೆ ಸರಿದು ಹೋಗಬೇಕು, ಮಾರ್ಗಗಳನ್ನು ಗೊತ್ತುಮಾಡಬೇಕು, ವಿಮಾನಗಳಲ್ಲಿ ನಿಸ್ತಂತು ಯಂತ್ರಗಳಿರಬೇಕು ಎಂಬ ಮಾತುಗಳು ಅಲ್ಲಿ ಬಂದುವು. ಮುಂದಿನ ವರ್ಷ ಅದೇ ಕ್ರಾಯ್ಡನ್ನಿನ ನಿಸ್ತಂತು ಅಧಿಕಾರಿ ಮಾಕ್‌ಫರ್ಡನಿಗೆ ಇನ್ನೊಂದು ತೊಡಕು ಎದುರಾಯಿತು. ಅಪಾಯದಲ್ಲಿರುವ ಚಾಲಕನು ಕೂಗಿ ಹೇಳಲು ಒಂದು ಪದ ಬೇಕು. ತಂತಿಯ ಸಂಕೇತಕ್ಕೆ ಒಗ್ಗುವ ಎಸ್‌.ಓ.ಎಸ್‌. ಮಾತಿಗೆ ಒಗ್ಗದು, ಸದ್ದಿನ ನಡುವೆ ಎಸ್ ಎಂಬ ಅಕ್ಷರ ಸ್ಪಷ್ಟವಾಗಿ ಕೇಳುವುದಿಲ್ಲ. ಸಂಚಾರದ ಬಹುಪಾಲು ಕ್ರಾಯ್ಡನ್ ಮತ್ತು ಲ ಬೂರ್ಜೆಗಳ ನಡುವೆಯೇ ಇದ್ದುದರಿಂದ, ಪದವು ಇಂಗ್ಲಿಷರಿಗೂ ಫ್ರೆಂಚರಿಗೂ ತಿಳಿಯಬೇಕು. ನನಗೆ ನೆರವಾಗಿ ಎಂಬರ್ಥದ ಫ್ರೆಂಚ್ ಮಾತಿನ ಉಚ್ಚಾರಣೆಯನ್ನು ಹಿಡಿದು ಅವನು 'ಮೇಡೇ' ಎಂಬ ಕೂಗನ್ನು ಸೂಚಿಸಿದನು. ೧೯೨೭ರಲ್ಲಿ ರಾಷ್ಟ್ರಗಳ ಒಪ್ಪಂದ ಅದನ್ನು ಅಂಗೀಕರಿಸಿತು. ಇಂದು ಬೆಂಗಳೂರಿನ ಮೇಲೆ ಹಾರುವ ಚಾಲಕನಿಗೂ ಅಪಾಯದಲ್ಲಿ ಅದೇ ಕೂಗು.

ಈಗ ಕಳೆದುಹೋದ ೫೪ ನಿಮಿಷಗಳನ್ನು ಹುಡುಕೋಣ. ವೇಳಾಪಟ್ಟಿಯ ಹೊತ್ತು ಹಾರಾಟದ ಹೊತ್ತಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಚಕ್ರಗಳು ಉರುಳದಂತೆ ಕೊಟ್ಟ ದಿಮ್ಮಿಗಳನ್ನು ತೆಗೆದ ಗಳಿಗೆಯಿಂದ, ಇನ್ನೊಂದು ನಿಲ್ದಾಣದಲ್ಲಿ ಮತ್ತೆ ದಿಮ್ಮಿ ಕೊಡುವ ಗಳಿಗೆಯವರೆಗೆ ಈ ಲೆಕ್ಕ. ಅದಕ್ಕೆ ಬ್ಲಾಕ್ ವೇಳೆ ಎಂಬ ಹೆಸರು ಬಂದುದೇ ಆ ದಿಮ್ಮಿಗಳಿಂದ. ನಮ್ಮ ೮೦ ನಿಮಿಷಗಳಲ್ಲಿ ವಿಮಾನವು ನಿಜವಾಗಿ ಗಾಳಿಯಲ್ಲಿರುವುದು ಸಾಮಾನ್ಯವಾಗಿ ೪೫ರಿಂದ ೫೦ ನಿಮಿಷ. ಉಳಿದುದನ್ನು ಅದು ನೆಲದ ಮೇಲೆ ಎತ್ತಿನ ಗಾಡಿಗಿಂತ ಸ್ವಲ್ಪ ಚುರುಕಾಗಿ ಉರುಳುತ್ತಲೋ, ಸಾಲಿನಲ್ಲಿ ನಿಂತೋ ಕಳೆಯುತ್ತದೆ. ಹೀತ್ರೋ ನಿಲ್ದಾಣಕ್ಕೆ ಇರುವ ಓಡುದಾರಿಗಳು ಎರಡೇ. ದೊಡ್ಡ ವಿಮಾನವೊಂದು ಎದ್ದುಹೋದರೆ ಅದರ ರೆಕ್ಕೆಗಳ ಹಿಂದೆ ಗಾಳಿ ಸುಳಿಸುಳಿಯಾಗಿ ಕದಡಿರುತ್ತದೆ. ಅದು ಅಡಗುವವರೆಗೆ ಹಿಂದಿನ ಸಣ್ಣ ವಿಮಾನ ಕಾಯಬೇಕು.

ಗಾಳಿಗೇರಿದ ಮೇಲೂ ನೇರ ದಾರಿಯಿಲ್ಲ. ವಿಮಾನವು ಗಾಳಿಗೆ ಎದುರಾಗಿ ಏಳಬೇಕು, ಎದುರಾಗಿಯೇ ಇಳಿಯಬೇಕು. ಆ ಸೀಮೆಯಲ್ಲಿ ಗಾಳಿ ಹೆಚ್ಚಾಗಿ ಬೀಸುವುದು ಪಶ್ಚಿಮದಿಂದ. ಎರಡು ನಿಲ್ದಾಣಗಳ ಓಡುದಾರಿಗಳೂ ಪೂರ್ವಪಶ್ಚಿಮವಾಗಿವೆ. ಆದುದರಿಂದ ಆಗ್ನೇಯದಲ್ಲಿರುವ ಪ್ಯಾರಿಸಿಗೆ ಹೊರಟ ವಿಮಾನವು ಬಹಳ ಸಲ ಪಶ್ಚಿಮಕ್ಕೆ ಮುಖಮಾಡಿ ಏಳುತ್ತದೆ, ಆಮೇಲೆ ತಿರುಗುತ್ತದೆ. ಪ್ಯಾರಿಸನ್ನು ಸಮೀಪಿಸಿದ ಮೇಲೆ ನಿಲ್ದಾಣವನ್ನು ಬಿಟ್ಟು ಪೂರ್ವಕ್ಕೆ ಸಾಗಿ, ಹಿಂದಿರುಗಿ ಇಳಿಯುತ್ತದೆ. ೩೪೮ ಕಿಲೋಮೀಟರಿಗೆ ಹತ್ತಾರು ಕಿಲೋಮೀಟರುಗಳು ಹೀಗೆ ಕೂಡಿಕೊಳ್ಳುತ್ತವೆ. ಇದರ ಮೇಲೆ ಸಾಮಾನ್ಯವಾಗಿ ಮೂರು ಕಿಲೋಮೀಟರು ಎತ್ತರಕ್ಕಿಂತ ಕೆಳಗೆ ಗಂಟೆಗೆ ೪೬೩ ಕಿಲೋಮೀಟರಿಗೂ ಹೆಚ್ಚು ವೇಗ ಕೂಡದೆಂಬ ನಿಯಮ. ಇಷ್ಟು ಸಣ್ಣ ಪಯಣದಲ್ಲಿ ವಿಮಾನವು ಏರಿ ಮುಗಿಯುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. ತನ್ನ ಪೂರ್ಣವೇಗವನ್ನು ತೋರಿಸಲು ಅದಕ್ಕೆ ಸಿಕ್ಕುವುದು ಕೆಲವೇ ನಿಮಿಷಗಳು.

ಪ್ಯಾರಿಸಿನಿಂದ ಹೀತ್ರೋವಿಗೆ ಬರುವವರಿಗೆ ಇನ್ನೊಂದು ಕಾಯುವಿಕೆ ಉಂಟು. ಲಂಡನ್ನಿನ ಸುತ್ತ ನಾಲ್ಕು ಕಡೆ ಆಕಾಶದಲ್ಲಿ ಸರದಿಯ ಸ್ಥಳಗಳಿವೆ. ಅಲ್ಲಿ ವಿಮಾನಗಳು ಒಂದರ ಮೇಲೊಂದು ೩೦೦ ಮೀಟರುಗಳ ಅಂತರವಿಟ್ಟು ಸುತ್ತುತ್ತಿರುತ್ತವೆ. ಕೆಳಗಿನದು ಇಳಿದಂತೆ ಮೇಲಿನವು ಒಂದೊಂದು ಮೆಟ್ಟಿಲು ಇಳಿಯುತ್ತವೆ. ಪಕ್ಕದಿಂದಲೂ ನಿಲ್ದಾಣದ ಬಳಿ ವಿಮಾನಕ್ಕೂ ವಿಮಾನಕ್ಕೂ ಐದೂವರೆ ಕಿಲೋಮೀಟರಿಗೆ ಕಡಿಮೆಯಿಲ್ಲದ ಅಂತರವನ್ನು ರೇಡಾರಿನ ಮುಂದೆ ಕುಳಿತವರು ಕಾಯುತ್ತಾರೆ. ಕಿಟಕಿಯ ಬಳಿ ಕುಳಿತ ಪಯಣಿಗನು ಅದೇ ಊರನ್ನು ಎರಡನೆಯ ಸಲ ಕಂಡು ಬೇಸರಪಡುತ್ತಾನೆ. ಪಿಕಾರ್ಡಿಯ ರಸ್ತೆಯ ಮೇಲೆ ಬಂದ ಆ ಇಬ್ಬರು ಚಾಲಕರ ನಡುವೆ ಇಲ್ಲದಿದ್ದುದು ಈ ಅಂತರವೇ. ಕೊನೆಯದಾಗಿ, ತಡವಾಯಿತೆಂಬ ದೂರು ಬಾರದಿರಲೆಂದು ವಿಮಾನ ಕಂಪನಿಗಳು ಪಟ್ಟಿಯಲ್ಲಿ ಕೆಲವು ನಿಮಿಷಗಳನ್ನು ಮೊದಲೇ ಕೂಡಿಸಿಟ್ಟಿರುತ್ತವೆ. ಅದು ವಿಜ್ಞಾನವಲ್ಲ, ವ್ಯವಹಾರ. ಅದನ್ನು ಇಲ್ಲಿಗೇ ಬಿಡೋಣ.

ಲಾಫರ್ಡನ ವಿಮಾನಕ್ಕಿಂತ ಐದಾರು ಪಾಲು ವೇಗವಾಗಿ ಹಾರಬಲ್ಲ ಯಂತ್ರ ನಮ್ಮಲ್ಲಿದ್ದರೂ ಹೊತ್ತು ಕುಗ್ಗಿರುವುದು ೧೫೦ ನಿಮಿಷಗಳಿಂದ ೮೦ಕ್ಕೆ, ಸುಮಾರು ಅರ್ಧಕ್ಕೆ ಮಾತ್ರ. ಅಷ್ಟರಲ್ಲಿ ರೈಲು ಹಿಂದಿನಿಂದ ಬಂದು ಸೇರಿಕೊಂಡಿದೆ. ೧೯೯೪ರಲ್ಲಿ ಕಡಲ್ಗಾಲುವೆಯ ಕೆಳಗಿನ ಸುರಂಗ ತೆರೆಯಿತು. ೨೦೦೭ರಲ್ಲಿ ಇಂಗ್ಲೆಂಡಿನ ವೇಗದ ಹಳಿ ಪೂರ್ಣವಾಯಿತು. ಅಂದಿನಿಂದ ಲಂಡನ್ನಿನ ನಡುವಿನಿಂದ ಪ್ಯಾರಿಸಿನ ನಡುವಿಗೆ ರೈಲಿನಲ್ಲಿ ಎರಡು ಗಂಟೆ ಇಪ್ಪತ್ತು ನಿಮಿಷಗಳ ಆಸುಪಾಸು. ಅದರ ದಾರಿ ೪೯೨ ಕಿಲೋಮೀಟರು, ಆಕಾಶದ ಗೆರೆಗಿಂತ ೧೪೮ ಕಿಲೋಮೀಟರು ಹೆಚ್ಚು. ಆದರೂ ಮನೆಯಿಂದ ನಿಲ್ದಾಣಕ್ಕೂ ನಿಲ್ದಾಣದಿಂದ ಊರೊಳಕ್ಕೂ ಆಗುವ ಪ್ರಯಾಣವನ್ನು ಲೆಕ್ಕಕ್ಕೆ ಹಿಡಿದರೆ ವಿಮಾನದವನು ಮುಂದಾಗಿ ಮುಟ್ಟುವನೆಂದು ಯಾರೂ ಪಣ ಕಟ್ಟಲಾರರು. ನಮ್ಮ ಹಳ್ಳಿಯ ಹಿರಿಯರನ್ನು ಮುಂದಿನ ಊರು ಎಷ್ಟು ದೂರವೆಂದು ಕೇಳಿದರೆ ಮೈಲಿಯನ್ನು ಹೇಳುತ್ತಿರಲಿಲ್ಲ, ಎಷ್ಟು ಹೊತ್ತಿನ ದಾರಿಯೆಂದು ಹೇಳುತ್ತಿದ್ದರು. ಲಂಡನ್ನಿನವರೂ ಪ್ಯಾರಿಸಿನವರೂ ಈಗ ಹೇಳುವುದು ಹಾಗೆಯೇ.

ರಾಯನ ಆಧಾರರೇಖೆಯ ಎರಡು ತುದಿಗಳಲ್ಲಿಯೂ ಗುರುತಿಗಾಗಿ ೧೭೯೧ರಲ್ಲಿ ಹಳೆಯ ಫಿರಂಗಿಗಳನ್ನು ನೆಲದಲ್ಲಿ ನೆಟ್ಟಗೆ ಹೂಳಿದ್ದರು. ವಾಯವ್ಯದ ತುದಿಯಲ್ಲಿದ್ದುದನ್ನು ೧೯೪೪ರಲ್ಲಿ ವಿಮಾನ ನಿಲ್ದಾಣದ ನಿರ್ಮಾಣಕ್ಕಾಗಿ ಕಿತ್ತು, ೧೯೭೨ರಲ್ಲಿ ಮತ್ತೆ ಅದೇ ಜಾಗದಲ್ಲಿ ನೆಟ್ಟರು. ಆ ಜಾಗವು ಹೀತ್ರೋವಿನ ಉತ್ತರದ ಓಡುದಾರಿಗೆ ಹತ್ತಿರದಲ್ಲಿಯೇ ಇದೆ. ಪ್ಯಾರಿಸಿನ ದೂರವನ್ನು ಅಳೆಯುವ ಕೆಲಸ ಮೊದಲಾದ ಆ ಬಿಂದುವಿನ ಪಕ್ಕದಲ್ಲಿಯೇ ಪ್ಯಾರಿಸಿನ ವಿಮಾನಗಳು ಈಗ ತಮ್ಮ ಸರದಿಗಾಗಿ ಕಾದು ನಿಲ್ಲುತ್ತವೆ.